ಗಿಳಿ ಕಾರಿನ ಆರು ಎಫ್‌ಸಿಗಳು

ಏಳು ಸಮುದ್ರದಾಚೆ ಹುಟ್ಟಿದ ಹಸಿರು ಗಿಳಿಯೊಂದು ಒಂದು ಕಾಲದಲ್ಲಿ ಚಿಂತಾಮಣಿಗೆ ಬಂದು ಸೇರಿಕೊಂಡಿತ್ತು. ಅದು ಹಾರುತ್ತಿರಲಿಲ್ಲ, ಪೆಟ್ರೋಲು ಕುಡಿಯುತ್ತಿತ್ತು. ಮದುವೆ ಕಾಲದಲ್ಲಿ ಮದುಮಗನನ್ನು ಹೊತ್ತು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಬೀದಿಗಳಲ್ಲಿ ನಡೆಯುವವರ ಜೊತೆ ನಡೆಯುತ್ತಿತ್ತು. ವರ್ಷಕ್ಕೊಂದು ಸಲ ಸರ್ಕಾರದ ಪರೀಕ್ಷಕರು ಅದರ ಕಣ್ಣು, ಕಾಲು, ಉಸಿರು ನೋಡಿ, ಆರೋಗ್ಯವಾಗಿದೆ ಎಂದು ಬರೆದು ಮೊಹರು ಒತ್ತುತ್ತಿದ್ದರು. ಅಜ್ಜಿಯರು ಹೇಳುವ ಕತೆಗಳಲ್ಲಿ ರಾಕ್ಷಸನ ಜೀವ ಎಲ್ಲೋ ಒಂದು ಗಿಳಿಯೊಳಗೆ ಇರುತ್ತದೆ. ಈ ಗಿಳಿಯ ಜೀವ ಎಲ್ಲಿತ್ತು ಎಂದು ಪೊಲೀಸರಿಗೆ ಗೊತ್ತಾಗಲು ಒಂಬತ್ತು ದಿನ ಹಿಡಿಯಿತು.

1993ರ ಮೇ 8, ಶನಿವಾರ. ಸಂಜೆ 7.15ಕ್ಕೆ ಶಿಡ್ಲಘಟ್ಟ ಠಾಣೆಯ ಮೆಟ್ಟಿಲು ಹತ್ತಿ ಬಂದವನು ನಾಗಸ್ವರ ನುಡಿಸುವ ನಲ್ಲಪ್ಪ. ಪಂಚೆಯ ಅಂಚಿನಲ್ಲಿ ರಕ್ತ ಒಣಗಿತ್ತು. ನಾಗಸ್ವರ ಇನ್ನೂ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸಬ್ ಇನ್ಸ್‌ಪೆಕ್ಟರ್ ರಾಮಾಂಜಿನಪ್ಪನವರ ಮೇಜಿನ ಮೇಲೇ ಇಟ್ಟ.

"ಹೇಳಪ್ಪ."

"ನಮ್ಮಣ್ಣ ಹೋಗ್ಬಿಟ್ಟ ಸಾರ್. ಡೋಲು ಆವಲಪ್ಪ. ಆಸ್ಪತ್ರೆ ಬಾಗಿಲಿಗೆ ಹೋಗೋಷ್ಟರಲ್ಲೇ."

"ಎಲ್ಲಾಯ್ತು?"

"ಕೆರೆ ಕಡೆ ಇಳಿಜಾರಲ್ಲಿ. ವರನ ಮೆರವಣಿಗೆ. ನಾವು ಮುಂದೆ, ಗಿಳಿ ಕಾರು ಹಿಂದೆ. ನಮ್ಮಣ್ಣ ಕಾರಿನ ಕಡೆ ಮುಖ ಮಾಡ್ಕೊಂಡು ಹಿಂದ್ಹಿಂದಕ್ಕೆ ನಡೀತಾ ಬಾರಿಸ್ತಿದ್ದ."

"ಹಿಂದಕ್ಕೆ ಯಾಕೆ?"

"ಮದುವೆ ಗಂಡಿಗೆ ಬೆನ್ನು ಹಾಕಿ ಬಾರಿಸೋನಲ್ಲ ಸಾರ್ ಅವನು. ಇಪ್ಪತ್ತು ವರ್ಷದಿಂದ ಹಂಗೇನೆ."

"ಕಾರು ಎಷ್ಟು ಸ್ಪೀಡಲ್ಲಿತ್ತು?"

"ನಡೆಯೋ ಥರಾನೇ ಬರ್ತಿತ್ತು. ಇಳಿಜಾರಲ್ಲಿ ಒಂದೇ ಸಲ ನುಗ್ಬಿಡ್ತು. ಪಕ್ಕದಲ್ಲಿ ಗೋಡೆ. ಗೋಡೆಗೂ ಗಾಡಿಗೂ ಮಧ್ಯೆ..."

ದೂರು ಬರೆದುಕೊಂಡು ಓದಿ ಹೇಳಿ ಸಹಿ ಪಡೆದರು. ಅಪರಾಧ ಸಂಖ್ಯೆ 64/93. ಭಾರತೀಯ ದಂಡಸಂಹಿತೆ ಕಲಂ 279 ಮತ್ತು 304(ಎ), ಅಜಾಗರೂಕ ಚಾಲನೆಯಿಂದ ಸಾವು. ಆರೋಪಿ: ಚಾಲಕ ಮುನಿಶಾಮಿ, 31 ವರ್ಷ, ಜಂಗಮಕೋಟೆ.

ಕಾರು ಇಬ್ಬರೇ ಕೂರಬಹುದಾದ ವಿದೇಶಿ ರೇಸಿನ ಕಾರು. ಅದರ ಕಂಪನಿಯ ಹೆಸರನ್ನು ಆ ಭಾಗದಲ್ಲಿ ಯಾರೂ ಸರಿಯಾಗಿ ಉಚ್ಚರಿಸುತ್ತಿರಲಿಲ್ಲ, ಗಿಳಿಹಸಿರು ಬಣ್ಣ ನೋಡಿ ಗಿಳಿ ಕಾರು ಎಂದರೆ ಮೂರು ತಾಲ್ಲೂಕಿಗೂ ಗೊತ್ತಾಗುತ್ತಿತ್ತು. ಮಾಲೀಕ ವೆಂಕಟರಾಮಪ್ಪನಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿತ್ತು. ಕಾರನ್ನು ಮದುವೆ ಬಾಡಿಗೆಗೆ ಬಿಡಲು ಟ್ಯಾಕ್ಸಿ ಎಂದು ನೋಂದಾಯಿಸಿದ್ದ. ಟ್ಯಾಕ್ಸಿ ಆದದ್ದರಿಂದ ಲಾರಿ ಬಸ್ಸುಗಳ ಹಾಗೆ ಅದಕ್ಕೂ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ರಸ್ತೆಗೆ ಇಳಿಯಲು ಯೋಗ್ಯ ಎಂಬ ಸರ್ಟಿಫಿಕೇಟು ಬೇಕಿತ್ತು.

ದೂರು ಬರುವ ಮುಂಚೆಯೇ, ಸುದ್ದಿ ಕೇಳಿ ಆರು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಬಯ್ಯಪ್ಪ ಸ್ಥಳಕ್ಕೆ ಹೋದಾಗ ಜನ ಕಾರಿಗೆ ಕಲ್ಲು ಹೊಡೆಯುತ್ತಿದ್ದರು. ಅವರು ಜನರನ್ನು ಚದುರಿಸಿ, ಹತ್ತಿರದಲ್ಲೇ ಇದ್ದ ವೆಂಕಟರಾಮಪ್ಪನ ಶೆಡ್ಡಿಗೆ ಕಾರನ್ನು ತಳ್ಳಿಸಿ ಬಾಗಿಲು ಹಾಕಿಸಿದರು. ಚಾಲಕನನ್ನು ಠಾಣೆಗೆ ತಂದರು.

ಮುನಿಶಾಮಿ ಬೆಂಚಿನ ತುದಿಯಲ್ಲಿ ಕೂತಿದ್ದ.

"ಕುಡಿದಿದ್ಯಾ?"

"ಇಲ್ಲ ಸಾರ್. ಮೂಸಿ ನೋಡಿ."

ಬಯ್ಯಪ್ಪ ಬಗ್ಗಿ ಮೂಸಿದರು. "ಬರೀ ಹೂವಿನ ವಾಸನೆ ಸಾರ್."

"ಬ್ರೇಕ್ ಒತ್ತಿದ್ಯಾ?"

"ಒತ್ತಿದೆ ಸಾರ್. ನೀರಲ್ಲಿ ಕಾಲಿಟ್ಟಂಗೆ ಹೋಯ್ತು. ತಳ ಸಿಕ್ಕಲಿಲ್ಲ. ಹ್ಯಾಂಡ್‌ಬ್ರೇಕ್ ಮೇಲೆ ಮದುವೆ ಗಂಡಿನ ಹಾರ, ಶಾಲು ಎಲ್ಲಾ ಬಿದ್ದಿತ್ತು. ತಡಕಾಡಿ ಎಳೆಯೋಷ್ಟರಲ್ಲಿ ಆಗೋಗಿತ್ತು."

"ಮುಂಚೆ ಯಾವತ್ತಾದ್ರೂ ಹಿಂಗಾಗಿತ್ತಾ?"

"ಎರಡು ಮೂರು ಸಲ ಮೆತ್ತಗಾಗಿತ್ತು. ಚಿಂತಾಮಣಿ ವೀರಾಚಾರಿಗೆ ಹೇಳ್ದೆ. ಗಾಡಿ ಮೆಕ್ಯಾನಿಕ್ಕು ಅವನೇ. 'ಫಾರಿನ್ ಗಾಡಿ ಬ್ರೇಕು ಹಂಗೇ ಕಣೋ, ಹೂವು ಮುಟ್ಟಿದಂಗೆ ಇರುತ್ತೆ. ಅಂಬಾಸಿಡರ್ ತುಳಿದ ಕಾಲಿಗೆ ಏನು ಗೊತ್ತು' ಅಂದ. ನಾನೂ ಸುಮ್ಮನಾದೆ."

ಭಾನುವಾರ ಬೆಳಿಗ್ಗೆ 7.30ಕ್ಕೆ ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ನಡೆಯಿತು. ಗೋಡೆಯ ಬುಡದಲ್ಲಿ ಒಡೆದ ಡೋಲು, ಒಂದು ಚಪ್ಪಲಿ. ನಂತರ ಶೆಡ್ಡಿನಿಂದ ಕಾರನ್ನು ಜಪ್ತಿ ಮಾಡಿ ಠಾಣೆಯ ಆವರಣಕ್ಕೆ ತಂದರು. ಮುನಿಶಾಮಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಜಾಮೀನಿಗೆ ನಿಲ್ಲಲು ಯಾರೂ ಬರಲಿಲ್ಲ. ವೆಂಕಟರಾಮಪ್ಪ ಠಾಣೆಯವರೆಗೂ ಬಂದವನು ಕೋರ್ಟಿಗೆ ಬರಲೊಲ್ಲೆ ಎಂದ.

"ನನ್ನ ಗಾಡೀಲಿ ಏನೂ ದೋಷ ಇಲ್ಲ ಸಾರ್. ಆರು ವರ್ಷದ ಎಫ್‌ಸಿ ನೋಡ್ಕೊಳ್ಳಿ, ಒಂದು ಸಲಾನೂ ವಾಪಸ್ ಕಳಿಸಿಲ್ಲ. ಅವನು ನಿದ್ದೆ ಮಾಡಿದ್ರೆ ನಾನೇನು ಮಾಡ್ಲಿ?"

ಮುನಿಶಾಮಿ ಚಿಂತಾಮಣಿ ಸಬ್‌ಜೈಲಿಗೆ ಹೋದ.

ಸೋಮವಾರ ಮೋಟಾರು ವಾಹನ ನಿರೀಕ್ಷಕ ಪ್ರಹ್ಲಾದರಾವ್ ಬಂದು ಕಾರನ್ನು ಪರೀಕ್ಷಿಸಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಕೈಚೀಲದಲ್ಲಿ ಸದಾ ಸುತ್ತಿಗೆ, ಟಾರ್ಚು ಇಟ್ಟುಕೊಳ್ಳುವ ಮನುಷ್ಯ. ಮೈದಾನದಲ್ಲಿ ನಾಲ್ಕು ಸಲ ಓಡಿಸಿ ನಾಲ್ಕು ಸಲವೂ ನಿಲ್ಲಿಸಿದರು. ಮಧ್ಯಾಹ್ನ 12.40ಕ್ಕೆ ಕೊಟ್ಟ ವರದಿಯಲ್ಲಿ, 'ಬ್ರೇಕುಗಳು ಸುಸ್ಥಿತಿಯಲ್ಲಿವೆ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ' ಎಂದಿತ್ತು.

ಅಲ್ಲಿಗೆ ಪ್ರಕರಣ ಮುಗಿದ ಹಾಗೇ. ದೋಷಾರೋಪಣೆ ಪಟ್ಟಿ ಬರೆಯುವುದೊಂದು ಬಾಕಿ.

12ನೇ ತಾರೀಖು ಬುಧವಾರ ಬೆಳಿಗ್ಗೆ ಮುನಿಶಾಮಿಯ ಹೆಂಡತಿ ಆಂಜಿನಮ್ಮ ಬಂದಳು. ಅವಳು ಜಂಗಮಕೋಟೆಯಲ್ಲಿ ರೇಷ್ಮೆ ಹುಳ ಸಾಕುವ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಹುಳ ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದ್ದವು. ಜ್ವರದಲ್ಲಿರುವ ಹುಳ ಸೊಪ್ಪು ತಿನ್ನುವುದಿಲ್ಲ, ಅದಕ್ಕೇ ಅವಳಿಗೆ ಬಿಡುವು ಸಿಕ್ಕಿತ್ತು.

"ಸಾಮಿ, ನೀವು ಆ ಬ್ರೇಕು ಒತ್ತಿ ನೋಡಿದ್ರಾ?"

"ಸಾರಿಗೆ ಇಲಾಖೆಯೋರು ನೋಡಿದಾರಮ್ಮ. ರಿಪೋರ್ಟು ಬಂದಿದೆ."

"ಅವರಲ್ಲ, ನೀವು."

ರಾಮಾಂಜಿನಪ್ಪನವರು ಎದ್ದು ಆವರಣಕ್ಕೆ ಹೋದರು. ಬಾಡಿದ ಹೂವಿನ ಸರಗಳನ್ನು ಇನ್ನೂ ಮೈಮೇಲೆ ಹೊತ್ತು ಕಾರು ಬೇವಿನ ಮರದಡಿ ನಿಂತಿತ್ತು. ಅವರು ಮೈ ಮಡಚಿ ಒಳಗೆ ಕೂತು ಪೆಡಲು ಒತ್ತಿದರು. ಕಲ್ಲು ಮೆಟ್ಟಿದ ಹಾಗಿತ್ತು.

"ಗಟ್ಟಿಯಾಗಿದೆ ಕಣಮ್ಮ."

ಆಂಜಿನಮ್ಮ ಬಗ್ಗಿ ಅವರ ಪಾದವನ್ನೂ ಪೆಡಲನ್ನೂ ನೋಡಿದಳು. "ಹಂಗಾದ್ರೆ ಇದು ನಮ್ಮನೆಯೋರು ಒತ್ತಿದ ಬ್ರೇಕಲ್ಲ."

ಬಯ್ಯಪ್ಪನವರಿಗೆ ನಗು ಬಂತು. "ಬ್ರೇಕೇನು ಎಮ್ಮೆನಾ ತಾಯಿ, ಒಂದು ಬಿಚ್ಚಿ ಇನ್ನೊಂದು ಕಟ್ಟೋಕೆ?"

"ನೀವು ನಗ್ರಿ. ಅವರು ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ, ಮೂಗು ಒರೆಸ್ಕೊಂತಾರೆ. ನಿನ್ನೆ ಜೈಲತ್ರ ಕೇಳ್ದೆ, ಒರೆಸ್ಕೊಳ್ಳಲಿಲ್ಲ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆವಲಪ್ಪಣ್ಣ ನಮ್ಮ ಮದುವೇಲೂ ಡೋಲು ಬಾರಿಸಿದೋನು ಸಾಮಿ. ಊರಲ್ಲಿ ಎಲ್ರೂ ನಮ್ಮನ್ನ ಕೊಲೆಗಾರರ ಮನೆ ಅಂತವ್ರೆ. ನಮ್ಮನೆಯೋರು ಒತ್ತಿದ ಬ್ರೇಕು ಎಲ್ಲೈತೋ ಅದನ್ನ ಒಂದ್ಸಲ ನೀವು ಒತ್ತಿ ನೋಡಿ. ಆಮೇಲೆ ಎಷ್ಟು ವರ್ಷ ಬೇಕಾದ್ರೂ ಒಳಗೆ ಹಾಕಿ, ನಾನು ಕೇಳಲ್ಲ."

"ಆಯ್ತಮ್ಮ. ಒತ್ತಿ ನೋಡ್ತೀನಿ."

ಈ ಮಾತು ಆ ದಿನದ ಕೇಸ್ ಡೈರಿಯಲ್ಲಿ ಇಲ್ಲ. ಆದರೆ ಅವಳು ಹೋದ ಮೇಲೆ ರಾಮಾಂಜಿನಪ್ಪನವರು ಮುನಿಶಾಮಿಯ ಹೇಳಿಕೆ ತೆಗೆದು ಮತ್ತೊಮ್ಮೆ ಓದಿದರು. ತಾವು ಕೇಳುತ್ತಿದ್ದ ಅಷ್ಟು ಹೊತ್ತೂ ಅವನ ಎರಡು ಕೈಯೂ ತೊಡೆಯ ಮೇಲೇ ಇದ್ದವು ಎಂಬುದು ನೆನಪಾಯಿತು.

ಮರುದಿನ 11 ಗಂಟೆಗೆ ಅವರು ಸಾರಿಗೆ ಕಚೇರಿಗೆ ಹೋಗಿ ಗಿಳಿ ಕಾರಿನ ಕಡತ ಕೇಳಿದರು. ಪ್ರಹ್ಲಾದರಾಯರು ತಾವೇ ತಂದರು. ಪ್ರತಿ ನವೆಂಬರಿನಲ್ಲಿ ಚಿಂತಾಮಣಿಯ ಮೈದಾನದಲ್ಲಿ ನಡೆಯುವ ಕ್ಯಾಂಪಿನಲ್ಲಿ ಆ ಕಾರಿಗೆ ಎಫ್‌ಸಿ ಆಗಿತ್ತು. 1987ರಿಂದ 1992ರವರೆಗೆ ಆರು ಹಾಳೆ, ಆರರ ಮೇಲೂ ಅವರದೇ ಸಹಿ.

"ಕ್ಯಾಂಪಿಗೆ ಎಪ್ಪತ್ತು ಗಾಡಿ ಬರ್ತವೆ, ಇಪ್ಪತ್ತು ವಾಪಸ್ ಹೋಗ್ತವೆ," ಎಂದರು ಪ್ರಹ್ಲಾದರಾಯರು. "ಒಂದಕ್ಕೆ ಒಂಟಿ ಕಣ್ಣು, ಒಂದಕ್ಕೆ ಹಾರ್ನು ಬಿಟ್ಟು ಮಿಕ್ಕಿದ್ದೆಲ್ಲಾ ಸೌಂಡು. ಈ ಕಾರಿನ ಜಾತಿಯೇ ಬೇರೆ ರೀ. ಮೊದಲನೇ ವರ್ಷ ಬಂದಾಗ ಗಾಡಿ ಅಡಿಗೆ ಮಲಗಿದೋನು ಹತ್ತು ನಿಮಿಷ ಏಳಲೇ ಇಲ್ಲ ನಾನು. ಮೆಕ್ಯಾನಿಕ್ ಆಚಾರಿ ಎಲ್ಲಾ ಒರೆಸಿ ದೇವರ ಸಾಮಾನಿನ ಹಾಗೆ ಇಟ್ಟಿದ್ದ."

"ಎಲ್ಲರೂ ಅಷ್ಟೇ ಶ್ರದ್ಧೆಯಿಂದ ತರ್ತಾರಾ ಸಾರ್?"

ಪ್ರಹ್ಲಾದರಾಯರು ನಕ್ಕರು. "ಎಫ್‌ಸಿ ಟೈರು ಅಂತ ಕೇಳಿದೀರಾ? ನಾಲ್ಕು ಒಳ್ಳೆ ಟೈರು ಇರ್ತವೆ, ಊರಲ್ಲಿರೋ ಟ್ಯಾಕ್ಸಿಗೆಲ್ಲಾ ಅವೇ. ಎಫ್‌ಸಿ ದಿನ ಹಾಕೋದು, ಸಂಜೆ ಬಿಚ್ಚಿ ಪಕ್ಕದವನಿಗೆ ಕೊಡೋದು. ಹೆಣ್ಣು ತೋರಿಸೋ ದಿನ ಪಕ್ಕದ ಮನೆ ಸರ ಹಾಕ್ಕೊಂಡ ಹಾಗೆ. ಗೌರಿಬಿದನೂರು ಕ್ಯಾಂಪಿನಲ್ಲಿ ನೋಡಿದ ಟೈರು ಮುಂದಿನ ವಾರ ಚಿಂತಾಮಣೀಲಿ ಬೇರೆ ಗಾಡಿ ಕೆಳಗೆ ನಿಂತಿರುತ್ತೆ. ನನಗೆ ಅವು ನೆಂಟರಿದ್ದ ಹಾಗೆ, ಮುಖ ನೋಡಿದ್ರೆ ಗುರುತು ಹಿಡೀತೀನಿ."

ರಾಮಾಂಜಿನಪ್ಪನವರು ಆರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದರು. ಪ್ರತಿ ವರ್ಷವೂ ಏನಾದರೊಂದು ಸಣ್ಣ ಮಾತಿತ್ತು: ಬಾಗಿಲ ತಳದಲ್ಲಿ ತುಕ್ಕು, ವೈಪರು ಸವೆದಿದೆ, ಹೊಗೆ ಸ್ವಲ್ಪ ಹೆಚ್ಚು. ಕಾರಿಗೆ ವಯಸ್ಸಾಗುತ್ತಿತ್ತು. ಬ್ರೇಕಿನ ಮುಂದೆ ಮಾತ್ರ ಆರೂ ವರ್ಷ ಒಂದೇ ಸಾಲು, 'ಅತ್ಯುತ್ತಮ, ರಬ್ಬರು ಹೊಸದರಂತಿದೆ.'

"ಬ್ರೇಕಿನ ರಬ್ಬರು ಎಷ್ಟು ದಿನ ಬಾಳುತ್ತೆ ಸಾರ್?"

"ಎರಡು ವರ್ಷ. ಜೋಪಾನ ಮಾಡಿದ್ರೆ ಮೂರು."

"ಈ ಗಾಡಿಗೆ ಬದಲಿ ರಬ್ಬರು ಎಲ್ಲಿ ಸಿಗುತ್ತೆ?"

"ಎಲ್ಲೂ ಸಿಗಲ್ಲ. ಆಚಾರಿ ಮದ್ರಾಸು, ಬೊಂಬಾಯಿ ಎಲ್ಲಾ ಸುತ್ತಿ ಬಂದಿದಾನೆ. ಕಂಪನೀನೇ ಮುಚ್ಚಿ ಹೋಗಿದೆಯಂತೆ."

"ಮತ್ತೆ ಆರು ವರ್ಷ ಸವೆಯದೆ ಹೆಂಗಿದೆ?"

ಪ್ರಹ್ಲಾದರಾಯರು ಕನ್ನಡಕ ತೆಗೆದರು. ಹಾಳೆಗಳನ್ನು ಒಂದೊಂದಾಗಿ ತಮ್ಮ ಕಡೆ ಎಳೆದುಕೊಂಡು ತಮ್ಮದೇ ಅಕ್ಷರವನ್ನು ಓದಿದರು.

"ನಾಳೆ ಬೆಳಿಗ್ಗೆ ಬರ್ತೀನಿ," ಎಂದರು. "ಈ ಸಲ ಬಿಚ್ಚಿ ನೋಡೋಣ."

14ರ ಶುಕ್ರವಾರ 9.10ಕ್ಕೆ ಇಬ್ಬರು ಪಂಚರ ಎದುರು ಬಾನೆಟ್ಟು ಎತ್ತಿದರು. ಪೆಡಲು ಒತ್ತಿದಾಗ ಎಣ್ಣೆಯನ್ನು ನಾಲ್ಕು ಚಕ್ರಕ್ಕೂ ತಳ್ಳುವ, ಒಳಗೆ ಆ ರಬ್ಬರಿರುವ, ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಭಾಗಕ್ಕೆ ಮಾಸ್ಟರ್ ಸಿಲಿಂಡರ್ ಎನ್ನುತ್ತಾರೆ. ಪ್ರಹ್ಲಾದರಾಯರು ಅದನ್ನು ಹಿಡಿದಿದ್ದ ಎರಡು ನಟ್ಟು ಬಿಚ್ಚಿ ನಿಧಾನವಾಗಿ ಈಚೆಗೆ ಎಳೆದರು.

ಸಿಲಿಂಡರಿನ ತಳಕ್ಕೂ ಅದು ಕೂರುವ ತಗಡಿಗೂ ನಡುವೆ ಮೂರು ಕನಕಾಂಬರದ ಎಸಳು ಚಪ್ಪಟೆಯಾಗಿ ಅಂಟಿದ್ದವು. ಕೇಸರಿ ಬಣ್ಣ ಇನ್ನೂ ಹೋಗಿರಲಿಲ್ಲ. ಜೊತೆಗೆ ಉಗುರಿನಷ್ಟು ಅಗಲದ ಒಂದು ಬೆಳ್ಳಿ ಮಿನುಗು ಕಾಗದ.

"ಬಾನೆಟ್ಟಿನ ಗಾಳಿಕಿಂಡಿಯಿಂದ ಹೂವು ಒಳಗೆ ಬೀಳುತ್ತೆ, ಅದು ಸರಿ," ಎಂದರು ಪ್ರಹ್ಲಾದರಾಯರು. "ಆದರೆ ಬಿಗಿಯಾಗಿ ಕೂತಿರೋ ಕಬ್ಬಿಣದ ಕೆಳಕ್ಕೆ ನುಗ್ಗಲ್ಲ. ಹೂವು ಬಿದ್ದ ಮೇಲೆ ಇದನ್ನ ಕೂರಿಸಿದಾರೆ."

ಬಯ್ಯಪ್ಪ ಸಿಲಿಂಡರನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದವರು ಮೂಗಿನ ಹತ್ತಿರ ತಂದರು. ಮತ್ತೆ ಮೂಸಿದರು.

"ಏನ್ರೀ ಅದು ಬಯ್ಯಪ್ಪನೋರೆ?"

"ಸಾರ್, ಇದು ನಮ್ಮನೆಯೋಳ ಧಾರೆ ಸೀರೆ ವಾಸನೆ."

ಪಂಚರಲ್ಲೊಬ್ಬ ನಕ್ಕ. ರಾಮಾಂಜಿನಪ್ಪನವರು ತೆಗೆದುಕೊಂಡು ಮೂಸಿದರು. ಎಣ್ಣೆಯ ವಾಸನೆಯ ಹಿಂದೆ ನುಸಿಗುಳಿಗೆಯ ವಾಸನೆ ಸಣ್ಣಗೆ ಇತ್ತು. ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆಯ ಜೊತೆ ಇಡುವ ಬಿಳಿ ಗುಳಿಗೆ.

ಅಂದು ಮಧ್ಯಾಹ್ನವೇ, ಕಾರನ್ನು ಅಲಂಕರಿಸಿದ್ದ ಪೆರೇಸಂದ್ರದ ಹೂವಿನವನನ್ನು ಕರೆಸಿ ಕೇಳಿದರು. ಬೆಳ್ಳಿ ಮಿನುಗು ಕಾಗದ ಬೆಂಗಳೂರಿನಿಂದ ತಂದದ್ದು, ಮೇ 8ರಂದೇ ಮೊದಲ ಸಲ ಬಳಸಿದ್ದು, ಅಲಂಕಾರ ಮುಗಿದಾಗ ಸಂಜೆ 4.30. ಅಪಘಾತ 5.40ಕ್ಕೆ. ನಡುವೆ ಕಾರು ಮೆರವಣಿಗೆಯಲ್ಲಿತ್ತು. ಹಾಗಾದರೆ ಸಿಲಿಂಡರು ಬದಲಾದದ್ದು ಅಪಘಾತದ ನಂತರ, ಭಾನುವಾರ ಬೆಳಿಗ್ಗೆ ಜಪ್ತಿಯಾಗುವುದಕ್ಕೆ ಮುಂಚೆ. ಆ ಹೊತ್ತಿನಲ್ಲಿ ಕಾರು ಇದ್ದದ್ದು ವೆಂಕಟರಾಮಪ್ಪನ ಶೆಡ್ಡಿನಲ್ಲಿ.

ಬಯ್ಯಪ್ಪ ಟೋಪಿ ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಂತರು. "ಸಾರ್, ಗಾಡೀನ ಆ ಶೆಡ್ಡಿಗೆ ಹಾಕ್ಸಿದ್ದು ನಾನೇ. ಕಾವಲಿಗೆ ಒಬ್ಬನ್ನ ಬಿಡಬೇಕಿತ್ತು."

"ಗೊತ್ತು. ಡೈರೀಲಿ ಬರ್ಕೊಂಡಿದೀನಿ. ಕೂತ್ಕೊಳ್ಳಿ."

15ರ ಶನಿವಾರ ಶೆಡ್ಡಿಗೆ ಹೋದರು. ಬಿಸಿನೀರಿನ ತೊಟ್ಟಿಗಳ ಮುಂದೆ ಹೆಂಗಸರು ಗೂಡು ಬೇಯಿಸಿ ನೂಲು ಎಳೆಯುತ್ತಿದ್ದರು. ವೆಂಕಟರಾಮಪ್ಪ ಓಡಿ ಬಂದು ಕುರ್ಚಿ ಹಾಕಿಸಿದ.

"ಅವತ್ತು ಸಾಯಂಕಾಲ ಎಲ್ಲಿದ್ದೆ?"

"ಆಸ್ಪತ್ರೇಲಿ ಸಾರ್, ಆಮೇಲೆ ಮದುವೆ ಮನೇಲಿ ಕೈ ಮುಗಿದು ನಿಂತಿದ್ದೆ. ಬೇಕಾದ್ರೆ ಬೀಗರನ್ನ ಕೇಳಿ."

"ಗಾಡಿ ಹತ್ರ ಯಾರು ಬಂದಿದ್ರು?"

"ನಂಗೊತ್ತಿಲ್ಲ ಸಾರ್. ಗಾಡಿ ವಿಚಾರ ಎಲ್ಲಾ ಆಚಾರೀದೆ. ನಾನು ಬಾನೆಟ್ಟು ಎತ್ತಿದೋನೇ ಅಲ್ಲ."

ತೊಟ್ಟಿಯ ಮುಂದೆ ಕೂತಿದ್ದ ಪೆದ್ದಮ್ಮ ಎಂಬ ಮುದುಕಿ ಕೈ ನಿಲ್ಲಿಸದೆ ತೆಲುಗು ಬೆರೆಸಿ ಹೇಳಿದಳು, "ಆಚಾರಿ ವಚ್ಚಿನಾಡು ಕದಾ ಸಾಮಿ, ಏಳು ಗಂಟೆಗೆ. ಸೈಕಲ್ಲಲ್ಲ, ಬಸ್ಸಲ್ಲಿ ಬಂದ. ಕೈಯಲ್ಲಿ ಒಂದು ಗಂಟು."

"ಏನಂದ?"

"'ಸಾವು ಕಂಡ ಗಾಡಿ, ದೃಷ್ಟಿ ತೆಗೀಬೇಕು, ಹೆಂಗಸ್ರು ಯಾರೂ ಬರಬ್ಯಾಡ್ರಿ' ಅಂತ ಬಾಗಿಲು ಹಾಕ್ಕೊಂಡ. ಒಂದು ಗಂಟೆ ಒಳಗಿದ್ದ. ದೃಷ್ಟಿ ತೆಗೆಯೋಕೆ ಸ್ಪ್ಯಾನರ್ ಯಾಕೆ ಅಂತ ನಾನೂ ಅಂದ್ಕೊಂಡೆ, ಟಣ್ ಟಣ್ ಅಂತ ಕೇಳಿಸ್ತಿತ್ತು."

"ಇದನ್ನ ಯಾಕಮ್ಮ ಮುಂಚೆ ಹೇಳ್ಲಿಲ್ಲ?"

"ನೀವು ಯಾವಾಗ ಕೇಳಿದ್ರಿ?"

ವೀರಾಚಾರಿ ಗೌರಿಬಿದನೂರಿಗೆ ಒಂದು ಬಸ್ಸಿನ ರಿಪೇರಿಗೆ ಹೋಗಿದ್ದ. 17ರ ಸೋಮವಾರ ಬೆಳಿಗ್ಗೆ 9.20ಕ್ಕೆ ಚಿಂತಾಮಣಿಯಲ್ಲಿ ಮನೆ ಪಕ್ಕದ ಅವನ ಶೆಡ್ಡಿಗೆ ಹೋದಾಗ ಅವನು ಆಗ ತಾನೇ ಬಂದು ಮುಖ ತೊಳೆಯುತ್ತಿದ್ದ. ಐವತ್ತರ ಆಸುಪಾಸು, ಸಣ್ಣ ಮೈ, ಉಗುರುಗಳ ಸಂದಿಯಲ್ಲಿ ಹೋಗದ ಕಪ್ಪು.

"ಎಂಟನೇ ತಾರೀಖು ಶನಿವಾರ ಸಾಯಂಕಾಲ ಶಿಡ್ಲಘಟ್ಟಕ್ಕೆ ಯಾಕೆ ಹೋಗಿದ್ದೆ?"

"ಗಾಡಿಗೆ ಏಟು ಬಿದ್ದಿದೆ ಅಂತ ಕೇಳಿ ನೋಡೋಕೆ ಹೋದೆ ಸಾರ್."

"ಏನೇನು ಬಿಚ್ಚಿದೆ?"

"ಏನೂ ಇಲ್ಲ."

"ದೃಷ್ಟಿ ನಿಂಬೆಹಣ್ಣು ಕುಯ್ಯೋಕೆ ಸ್ಪ್ಯಾನರ್ ಬೇಕಾಯ್ತಾ?"

ವೀರಾಚಾರಿ ಟವೆಲಿನಿಂದ ಮುಖ ಒರೆಸುತ್ತಲೇ ಇದ್ದ.

ರಾಮಾಂಜಿನಪ್ಪನವರು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶ್ಯಾಮಲಮ್ಮನ ಕಡೆ ತಿರುಗಿದರು. "ಮನೇಲಿ ನುಸಿಗುಳಿಗೆ ಹಾಕಿರೋ ಪೆಟ್ಟಿಗೆ ಯಾವುದಮ್ಮ?"

ಶ್ಯಾಮಲಮ್ಮ ಗಂಡನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಹಸಿರು ಟ್ರಂಕೊಂದನ್ನು ನೆಲದ ಮೇಲೆ ಎಳೆದುಕೊಂಡು ಬಂದಳು. "ಇದನ್ನ ಮುಟ್ಟೋಕೆ ನಂಗೂ ಬಿಡಲ್ಲ ಸಾರ್. ನನ್ನ ಒಳ್ಳೆ ಸೀರೆ ಸೆರಗು ಹರಿದು ಅದಕ್ಕೆ ಹೊದಿಸವ್ರೆ. ನಂಗೆ ಜ್ವರ ಬಂದಾಗ ಕಂಬಳಿ ಹೊದಿಸಿದೋರಲ್ಲ."

ಪೆಟ್ಟಿಗೆಯಲ್ಲಿ ನುಸಿಗುಳಿಗೆಗಳ ನಡುವೆ ಮಾವಿನ ಚಿಗುರು ಬಣ್ಣದ ರೇಷ್ಮೆ ತುಂಡೊಂದು ಮಡಿಕೆ ಬಿಚ್ಚಿ ಬಿದ್ದಿತ್ತು. ಅದರ ಮೇಲಿನ ಎಣ್ಣೆಯ ಕಲೆಗೆ ಸಿಲಿಂಡರಿನದೇ ಆಕಾರ. ಅದರ ಕೆಳಗೆ ಆರು ಎಫ್‌ಸಿಗಳ ನಕಲು, ಒಂದೊಂದರ ಮೂಲೆಯಲ್ಲೂ ಅರಿಶಿನ ಕುಂಕುಮ.

ವೀರಾಚಾರಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಆ ಸಿಲಿಂಡರು ಒಂದೇ ಒಂದು ಇರೋದು ಸಾರ್. ಆ ಗಾಡಿಯ ಸ್ವಂತದ್ದು. ರಬ್ಬರು ಮುಗಿದ್ರೆ ಗಿಳಿ ಮುಗೀತು."

"ಅದಕ್ಕೇ ಎತ್ತಿಟ್ಯಾ?"

"ಎಫ್‌ಸಿ ದಿನ ಹಾಕ್ತಿದ್ದೆ. ಸಂಜೆ ಬಿಚ್ಚಿ ಒರೆಸಿ ಪೆಟ್ಟಿಗೆಗೆ ಇಡ್ತಿದ್ದೆ. ಎಲ್ಲಾರೂ ಟೈರು ಸಾಲ ತರ್ತಾರೆ ಸಾರ್. ನಾನು ಯಾರದನ್ನೂ ತರಲಿಲ್ಲ. ಅದರದನ್ನೇ ಅದಕ್ಕೆ ಹಾಕ್ತಿದ್ದೆ."

"ಮಿಕ್ಕ ದಿನ?"

"ಹಳೇ ಅಂಬಾಸಿಡರ್‌ದೊಂದು ಸಿಲಿಂಡರಿಗೆ ಪಟ್ಟಿ ಬೆಸೆದು ಕೂರಿಸಿದ್ದೆ. ಮೆರವಣಿಗೆ ಗಾಡಿ ಅಲ್ವಾ, ನಡೆಯೋರ ಜೊತೆ ನಡೆಯುತ್ತೆ, ಅಷ್ಟು ಸಾಕು ಅಂದ್ಕೊಂಡೆ."

"ಮುನಿಶಾಮಿ ಬ್ರೇಕು ಮೆತ್ತಗಿದೆ ಅಂತ ಬಂದು ಹೇಳ್ದಾಗ?"

ವೀರಾಚಾರಿ ಕೈ ಚಾಚಿ ರೇಷ್ಮೆ ತುಂಡನ್ನು ಮತ್ತೆ ಮಡಿಸಿದ.

"ಅವನು ಜೈಲಲ್ಲಿದಾನೆ, ಗೊತ್ತಾ?"

"ಗೊತ್ತು ಸಾರ್." ವೀರಾಚಾರಿ ಪೆಟ್ಟಿಗೆಯ ಕಡೆ ನೋಡುತ್ತಿದ್ದ. "ಎರಡು ವರ್ಷ ಹಾಕಿದ್ರೂ ಅವನು ವಾಪಸ್ ಬರ್ತಾನೆ. ದೋಷ ಐತೆ ಅಂತ ಬರೆದ್ರೆ ಗಾಡಿ ಗುಜರಿಗೆ ಹೋಗುತ್ತೆ. ಅದು ವಾಪಸ್ ಬರಲ್ಲ."

ಶ್ಯಾಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಆ ಹಳೇದು ಎಲ್ಲಿ?"

"ಬಾವಿಗೆ ಹಾಕೋಣ ಅಂತ ಹೋದೆ. ಅದೂ ಐದು ವರ್ಷ ಅದರ ಮೈಯಲ್ಲಿ ಇದ್ದಿದ್ದಲ್ವಾ. ಕೈ ಬರಲಿಲ್ಲ."

ಅವನೇ ಮುಂದೆ ನಡೆದು ಬಾವಿಕಟ್ಟೆಯ ಗೂಡಿನಿಂದ ಗೋಣಿಚೀಲದಲ್ಲಿ ಸುತ್ತಿದ್ದ ಸಿಲಿಂಡರು ತೆಗೆದುಕೊಟ್ಟ. ಪಂಚರ ಸಮಕ್ಷಮ ಜಪ್ತಿಯಾಯಿತು. ಬೆಳಿಗ್ಗೆ 10.40ಕ್ಕೆ ವೀರಾಚಾರಿಯನ್ನು ದಸ್ತಗಿರಿ ಮಾಡಲಾಯಿತು. ಕಲಂ 304(ಎ)ಯ ಜೊತೆಗೆ ಸಾಕ್ಷ್ಯ ನಾಶದ ಕಲಂ 201 ಸೇರಿತು. ಜೀಪು ಹತ್ತುವ ಮುಂಚೆ ಅವನು ಒಂದೇ ಮಾತು ಕೇಳಿದ, "ಗಾಡೀನ ಬಿಸಿಲಲ್ಲಿ ನಿಲ್ಲಿಸಿದೀರಾ?"

"ಬೇವಿನ ಮರದ ಕೆಳಗೆ ಐತಪ್ಪ, ಹತ್ತು," ಎಂದರು ಬಯ್ಯಪ್ಪ.

ಅಂದಿನ ಕೇಸ್ ಡೈರಿಯ ಕೊನೆಗೆ ರಾಮಾಂಜಿನಪ್ಪನವರು ಹೀಗೆ ಬರೆದರು. 'ಆರೋಪಿಗೆ ಮೃತನ ಮೇಲಾಗಲಿ ಚಾಲಕನ ಮೇಲಾಗಲಿ ದ್ವೇಷವಿರಲಿಲ್ಲ. 1981ರಲ್ಲಿ ತೋಟದ ಬದಿಯೊಂದರಲ್ಲಿ ಕೋಳಿಗಳು ಗೂಡು ಮಾಡಿಕೊಂಡಿದ್ದ ಕಾರನ್ನು ತಂದು, ಆರು ವರ್ಷ ಒಂದೊಂದೇ ಭಾಗ ಜೋಡಿಸಿ ಓಡುವ ಹಾಗೆ ಮಾಡಿದವನು ಇವನೇ. ವರ್ಷದಲ್ಲಿ ಒಂದು ದಿನ, ಪರೀಕ್ಷೆಯ ದಿನ, ಆ ಕಾರು ಹುಟ್ಟಿದಾಗ ಇದ್ದ ಹಾಗೆ ನಿಲ್ಲುವುದನ್ನು ನೋಡುವುದು ಇವನ ಆಸೆ. ಅದಕ್ಕಾಗಿ ಮಿಕ್ಕ ದಿನಗಳಲ್ಲಿ ಅದರ ಮುಂದೆ ನಡೆಯುವವರು ಇದ್ದಾರೆಂಬುದನ್ನು ಮರೆತಿದ್ದನು.' ಕೊನೆಯ ವಾಕ್ಯ ಡೈರಿಗೆ ತಕ್ಕುದಲ್ಲ ಎನ್ನಿಸಿತು. ಆದರೂ ಹೊಡೆದು ಹಾಕಲಿಲ್ಲ.

ಮಂಗಳವಾರ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದರು. ಮುನಿಶಾಮಿ ಸ್ವಂತ ಮುಚ್ಚಳಿಕೆಯ ಮೇಲೆ ಹೊರಗೆ ಬಂದ.

19ರ ಬುಧವಾರ ಬೆಳಿಗ್ಗೆ 10 ಗಂಟೆಗೆ ಠಾಣೆಯ ಆವರಣದಲ್ಲಿ ಪ್ರಹ್ಲಾದರಾಯರು ಅಂಬಾಸಿಡರಿನ ಹಳೆಯ ಸಿಲಿಂಡರನ್ನು ಗಿಳಿ ಕಾರಿಗೆ ಮತ್ತೆ ಕೂರಿಸಿದರು. ಯಾರ ಕೈಗೂ ಸ್ಪ್ಯಾನರು ಕೊಡದೆ ತಾವೇ ಬಿಗಿದರು, ತಾವೇ ಎಣ್ಣೆ ತುಂಬಿದರು. ಪಂಚರು ಬಂದಿದ್ದರು. ನಲ್ಲಪ್ಪನೂ ಬಂದಿದ್ದ. ಮುನಿಶಾಮಿ ಗೇಟಿನ ಹತ್ತಿರವೇ ನಿಂತಿದ್ದ, ಕಾರಿನ ಹತ್ತಿರ ಬರಲಿಲ್ಲ. ಆಂಜಿನಮ್ಮ ಮಾತ್ರ ಬಾಗಿಲ ಪಕ್ಕಕ್ಕೇ ಬಂದು ನಿಂತಳು.

"ಬೇಗ ಆಗುತ್ತಾ ಸಾಮಿ? ಹುಳ ನಾಳೆಗೆ ಹಣ್ಣಾಗ್ತವೆ, ಗೂಡು ಕಟ್ಟೋಕೆ ಬಿಡೋ ಚಂದ್ರಿಕೆ ತೊಳೆದಿಡಬೇಕು."

"ಆಗುತ್ತಮ್ಮ."

ಇದನ್ನು ಪ್ರಹ್ಲಾದರಾಯರೇ ಮಾಡಿ ವರದಿ ಕೊಟ್ಟರೆ ಸಾಕಿತ್ತು. ರಾಮಾಂಜಿನಪ್ಪನವರು ಬೂಟು ಕಳಚಿ, ಬರಿಗಾಲಲ್ಲಿ ಒಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟರು. ಒತ್ತಿದರು.

ಗಟ್ಟಿಯಾಗಿತ್ತು.

ಆಂಜಿನಮ್ಮ ಅವರ ಪಾದವನ್ನೇ ನೋಡುತ್ತಿದ್ದಳು. ಅವರು ಕಾಲು ತೆಗೆದು ಮತ್ತೆ ಒತ್ತಿದರು. ಮತ್ತೂ ಗಟ್ಟಿ. ಬಯ್ಯಪ್ಪ ಕೆಮ್ಮಿದರು. ನಲ್ಲಪ್ಪ ಗೇಟಿನ ಕಡೆ ತಿರುಗಿ ಮುನಿಶಾಮಿಯನ್ನು ನೋಡಿದ.

"ಸವೆದ ರಬ್ಬರು ಪ್ರತಿ ಸಲ ಕೈ ಕೊಡಲ್ಲ," ಎಂದರು ಪ್ರಹ್ಲಾದರಾಯರು ಮೆಲ್ಲಗೆ. "ಒತ್ತಿ ಹಿಡ್ಕೊಳ್ಳಿ. ಇಳಿಜಾರಲ್ಲಿ ಹಿಡ್ಕೊಂಡು ಬರೋ ಹಾಗೆ."

ಮೂರನೇ ಸಲ ಒತ್ತಿ ಹಿಡಿದರು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಪಾದದಡಿ ಏನೋ ಸಡಿಲವಾಯಿತು. ಪೆಡಲು ಕೆಳಗೆ ಹೋಯಿತು. ಸದ್ದಿಲ್ಲದೆ, ತಡೆಯಿಲ್ಲದೆ, ಕೆರೆಯ ಮೆಟ್ಟಿಲೆಂದು ಕಾಲಿಟ್ಟರೆ ಬರೀ ನೀರು ಸಿಕ್ಕ ಹಾಗೆ ಹೋಗುತ್ತಲೇ ಇತ್ತು.

ಅವರು ಬಾಗಿಲ ಕಡೆ ತಲೆ ಎತ್ತಿ ನೋಡಿದರು.

"ಒತ್ತಿದೆ ಕಣಮ್ಮ," ಎಂದರು.